ಸೊಪ್ಪಿನ ಪಾಲಿಫಿನಾಲ್, ದೊಡ್ಡಕರುಳಿನ ಕ್ಯಾನ್ಸರ್: ನುಗ್ಗೆ ಪುಡಿಯ ಮಾತು ಎಷ್ಟು ನಂಬಬಹುದು?

ಹೊಂಡದ_ಸರ್ಕಲ್ (ಪ್ರಶ್ನೆ)

ದಾವಣಗೆರೆಯ ಅಂಗಡಿಗಳಲ್ಲಿ ನುಗ್ಗೆಸೊಪ್ಪಿನ ಪುಡಿ, ಮಾತ್ರೆ ಈಗ ಧಾರಾಳವಾಗಿ ಸಿಗ್ತಿವೆ. ಅದರಲ್ಲಿರೋ ಪಾಲಿಫಿನಾಲ್ ಕರುಳಿನ ಕ್ಯಾನ್ಸರ್ ಕಣ ಸಾಯಿಸುತ್ತೆ ಅಂತ ವಾಟ್ಸಾಪಲ್ಲಿ ಸುತ್ತಾಡ್ತಿದೆ. ತಿಳಿದವರು ಇಷ್ಟು ಬಿಡಿಸಿ ಹೇಳ್ರಿ: ಇದಕ್ಕೆ ಗಟ್ಟಿ ಆಧಾರ ಏನಿದೆ? ನುಗ್ಗೆ ಒಂದೇನಾ, ಮೆಂತ್ಯ, ಪುಂಡಿ, ಸಬ್ಬಸಿಗೆಯಲ್ಲೂ ಇದೆಯಾ? ಬೇಯಿಸಿದರೆ ಉಳಿಯುತ್ತಾ? ಪುಡಿ ತಿಂದರೆ ಸೊಪ್ಪು ತಿಂದಂತೆಯೇನಾ?

ಜೀವರಸಾಯನ_ದುರ್ಗ

ಪಾಲಿಫಿನಾಲ್ ಅಂದರೆ ಒಂದೇ ವಸ್ತುವಲ್ಲ, ದೊಡ್ಡ ಕುಟುಂಬ. ನಮ್ಮ ಸೊಪ್ಪುಗಳಲ್ಲಿ ಮುಖ್ಯವಾಗಿ ಎರಡು ಗುಂಪು ಸಿಗುತ್ತವೆ. ಕ್ವೆರ್ಸೆಟಿನ್, ಕ್ಯಾಂಫೆರಾಲ್‌ನಂಥ ಫ್ಲೇವೊನಾಯ್ಡ್‌ಗಳು ಒಂದು. ಕ್ಲೋರೊಜೆನಿಕ್ ಆಮ್ಲ, ಕೆಫೀಕ್ ಆಮ್ಲದಂಥ ಫಿನಾಲಿಕ್ ಆಮ್ಲಗಳು ಇನ್ನೊಂದು. ನುಗ್ಗೆಸೊಪ್ಪಿನಲ್ಲಿ ಎರಡೂ ಇವೆ. ಪುಂಡಿಯಲ್ಲಿ ಕ್ಲೋರೊಜೆನಿಕ್ ಆಮ್ಲ ಚೆನ್ನಾಗಿದೆ. ರಾಜಗಿರಿ, ಹರಿವೆಯಲ್ಲಿ ರುಟಿನ್ ಇದೆ, ಅದು ಸಕ್ಕರೆ ಅಂಟಿಕೊಂಡಿರುವ ಕ್ವೆರ್ಸೆಟಿನ್ನೇ. ಕೆಂಪು ಹರಿವೆಯ ಬಣ್ಣ ಮಾತ್ರ ಪಾಲಿಫಿನಾಲ್ ಅಲ್ಲ, ಬೀಟ್‌ರೂಟಿನ ಬಣ್ಣದ ಜಾತಿಯ ಬೀಟಾಲೈನ್. ನುಗ್ಗೆ ಒಂದನ್ನೇ ಹೊಗಳುವವರು ಗಮನಿಸಬೇಕಾದ್ದು: ಹಸಿ ಸಬ್ಬಸಿಗೆ ಮತ್ತು ಕೊತ್ತಂಬರಿಯಲ್ಲಿ 100 ಗ್ರಾಂಗೆ ಸುಮಾರು 50 ಮಿಲಿಗ್ರಾಂ ಕ್ವೆರ್ಸೆಟಿನ್ ಇರುತ್ತದೆ. ನುಗ್ಗೆಯಲ್ಲಿ ಅದಕ್ಕಿಂತ ಕಡಿಮೆ, ಪಾಲಕ್‌ನಲ್ಲಿ ಇನ್ನೂ ಕಡಿಮೆ. ತಳಿ, ಬಿಸಿಲು, ಮಣ್ಣು ಬದಲಾದಂತೆ ಈ ಅಂಕಿಗಳೂ ಏರುಪೇರಾಗುತ್ತವೆ.

ಬೇರೆ ಅಂಗಗಳನ್ನು ಬಿಟ್ಟು ದೊಡ್ಡಕರುಳಿನ ಬಗ್ಗೆಯೇ ಇಷ್ಟು ಆಸಕ್ತಿ ಯಾಕೆ ಅಂದರೆ, ತಿಂದ ಪಾಲಿಫಿನಾಲ್‌ನಲ್ಲಿ ಸಣ್ಣಕರುಳು ಹೀರಿಕೊಳ್ಳುವುದು ಶೇ. 5ರಿಂದ 10ರಷ್ಟು ಮಾತ್ರ. ಮಿಕ್ಕಿದ್ದೆಲ್ಲ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ರುಟಿನ್‌ನ ಸಕ್ಕರೆ ಕಿತ್ತು, ಕ್ವೆರ್ಸೆಟಿನ್ನನ್ನೂ ಒಡೆದು ಚಿಕ್ಕ ಚಿಕ್ಕ ಫಿನಾಲಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ರಕ್ತದಲ್ಲಿ ಎಂದೂ ಕಾಣದಷ್ಟು ಸಾಂದ್ರತೆ ಕರುಳಿನ ಒಳಗೋಡೆಯ ಕಣಗಳಿಗೆ ಸಿಗುವ ಸಾಧ್ಯತೆ ಇದೆ. ಅದಕ್ಕೇ ಈ ಸಂಶೋಧನೆಯನ್ನು ಸುಳ್ಳು ಅಂತ ತಳ್ಳಿಹಾಕುವಂತಿಲ್ಲ.

ಆದರೆ ವಾಟ್ಸಾಪ್‌ನಲ್ಲಿ ಬರುವುದು ಪ್ರಯೋಗಾಲಯದ ತಟ್ಟೆಯ ಫಲಿತಾಂಶ. ಎಚ್‌ಟಿ-29, ಎಚ್‌ಸಿಟಿ-116, ಕ್ಯಾಕೊ-2 ಎಂಬ ಕರುಳಿನ ಕ್ಯಾನ್ಸರ್ ಕಣಗಳ ಮೇಲೆ 10ರಿಂದ 100 ಮೈಕ್ರೋಮೋಲಾರ್ (ದ್ರವದಲ್ಲಿ ಎಷ್ಟು ಗಾಢವಾಗಿದೆ ಎಂಬ ಅಳತೆ) ಕ್ವೆರ್ಸೆಟಿನ್ ಸುರಿದರೆ ಕಣ ಸಾಯುತ್ತವೆ, ನಿಜ. ಉರಿಯೂತ ಹೆಚ್ಚಿಸುವ ಎನ್‌ಎಫ್-ಕಪ್ಪಾಬಿ, ಕಾಕ್ಸ್-2 ತಗ್ಗುತ್ತವೆ. ಈ ಕ್ಯಾನ್ಸರ್‌ನಲ್ಲಿ ಮೊದಲು ಹದಗೆಡುವ, ಕಣ ಬೆಳೆಯಲು ಸೂಚನೆ ಕೊಡುವ ಡಬ್ಲ್ಯೂಎನ್‌ಟಿ ಸಂಕೇತ ಮಾರ್ಗವೂ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಊಟ ಮಾಡಿದ ಮನುಷ್ಯರ ರಕ್ತದಲ್ಲಿ ಮಾತ್ರ ಕ್ವೆರ್ಸೆಟಿನ್ ಸಾಮಾನ್ಯವಾಗಿ 1 ಮೈಕ್ರೋಮೋಲಾರ್ ಕೂಡ ಮುಟ್ಟುವುದಿಲ್ಲ. ಅದೂ ಯಕೃತ್ತು ರೂಪ ಬದಲಿಸಿ ಗ್ಲುಕುರೊನೈಡ್, ಸಲ್ಫೇಟ್ ಮಾಡಿ ಬಿಟ್ಟದ್ದು. ಇನ್ನೊಂದು ತೊಡಕೂ ಇದೆ: ಕಣ ಬೆಳೆಸುವ ದ್ರವದಲ್ಲಿ ಕ್ವೆರ್ಸೆಟಿನ್ ತಾನೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕಣ ಸತ್ತದ್ದು ಸೊಪ್ಪಿನ ಗುಣದಿಂದಲೋ ಪೆರಾಕ್ಸೈಡ್‌ನಿಂದಲೋ ಎಂದು ಬೇರ್ಪಡಿಸಲು, ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದ ಹೋಲಿಕೆ ತಟ್ಟೆ ಬೇಕು. ಅದನ್ನಿಡದ ಪ್ರಬಂಧವನ್ನು ನಾನು ಅರ್ಧ ಮನಸ್ಸಿನಿಂದಲೇ ಓದುತ್ತೇನೆ.

ಪ್ಯಾಕೆಟ್ ಮೇಲಿನ "ಒಟ್ಟು ಪಾಲಿಫಿನಾಲ್" ಅಂಕಿಯನ್ನೂ ಹುಷಾರಾಗಿ ನೋಡಿ. ಅದನ್ನು ಸಾಮಾನ್ಯವಾಗಿ ಫೋಲಿನ್-ಸಿಯೊಕಾಲ್ಟೊ ಪರೀಕ್ಷೆಯಿಂದ ಅಳೆಯುತ್ತಾರೆ. ಅದರಲ್ಲಿ ಪಾಲಿಫಿನಾಲ್‌ಗೆ ಬರುವ ನೀಲಿ ಬಣ್ಣ ವಿಟಮಿನ್ ಸಿ ಇದ್ದರೂ ಬರುತ್ತದೆ, ಕೆಲವು ಪ್ರೋಟೀನ್, ಸಕ್ಕರೆ ಇದ್ದರೂ ಬರುತ್ತದೆ. ಸೊಪ್ಪಿನಂಥ ವಸ್ತುವಿನಲ್ಲಿ ಅಂಕಿ ಉಬ್ಬುವುದು ಮಾಮೂಲು.

ಹೊಂಡದ_ಸರ್ಕಲ್

ಸಾರ್, ಇಲಿಗಳ ಮೇಲೂ ಕೆಲಸ ಮಾಡಿದೆ ಅಂತಾರಲ್ಲ?

ಜೀವರಸಾಯನ_ದುರ್ಗ

ಮಾಡಿದೆ. ಕ್ಯಾನ್ಸರ್ ತರಿಸುವ ಅಜಾಕ್ಸಿಮೀಥೇನ್ ಎಂಬ ರಾಸಾಯನಿಕ ಚುಚ್ಚಿ, ಡಿಎಸ್‌ಎಸ್ ಎಂಬ ಇನ್ನೊಂದನ್ನು ಕುಡಿಸಿ ಕರುಳು ಕೆರಳಿಸಿದ ಇಲಿಗಳಲ್ಲಿ ಗಡ್ಡೆ ಕಡಿಮೆಯಾದ ವರದಿಗಳು ಹಲವಿವೆ. ಪ್ರಮಾಣದ ಲೆಕ್ಕ ಹಾಕಿ ನೋಡಿ. ಸಣ್ಣ ಇಲಿಗೆ ಕೆ.ಜಿ. ತೂಕಕ್ಕೆ 100 ಮಿ.ಗ್ರಾಂ ಕೊಟ್ಟರು ಅಂದುಕೊಳ್ಳಿ. ಮನುಷ್ಯನಿಗೆ ಹೊಂದಿಸಲು 12.3ರಿಂದ ಭಾಗಿಸುತ್ತಾರೆ, ಕೆ.ಜಿ.ಗೆ ಸುಮಾರು 8 ಮಿ.ಗ್ರಾಂ ಆಯಿತು. 60 ಕೆ.ಜಿ. ಮನುಷ್ಯನಿಗೆ ದಿನಕ್ಕೆ 490 ಮಿ.ಗ್ರಾಂ. ಸಬ್ಬಸಿಗೆಯಲ್ಲೇ ಅಷ್ಟು ಬೇಕಾದರೆ ದಿನಾ ಒಂದು ಕೆ.ಜಿ. ತಿನ್ನಬೇಕು.

ಮನುಷ್ಯರ ಮೇಲಿನ ಪ್ರಯೋಗ ಅಂದರೆ, ಹುಟ್ಟಿನಿಂದ ಬಂದ ವಂಶವಾಹಿ ದೋಷದಿಂದ ಕರುಳಿನಲ್ಲಿ ನೂರಾರು ಪಾಲಿಪ್ (ಒಳಗೋಡೆಯ ಸಣ್ಣ ಗಂಟು) ಬೆಳೆಯುವ ಎಫ್‌ಎಪಿ ಕಾಯಿಲೆಯವರಿಗೆ ಅರಿಶಿನದ ಕರ್ಕ್ಯುಮಿನ್ 480 ಮತ್ತು ಕ್ವೆರ್ಸೆಟಿನ್ 20 ಮಿ.ಗ್ರಾಂ ದಿನಕ್ಕೆ ಮೂರು ಸಲ ಕೊಟ್ಟ 2006ರ ವರದಿಯನ್ನು ಎಲ್ಲರೂ ಎತ್ತಿ ಹಿಡಿಯುತ್ತಾರೆ. ಪಾಲಿಪ್ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಇದ್ದ ರೋಗಿಗಳು ಐದೇ ಜನ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ. 2018ರಲ್ಲಿ 44 ಜನರನ್ನು ಎರಡು ಗುಂಪು ಮಾಡಿ ಕರ್ಕ್ಯುಮಿನ್ ಒಂದನ್ನೇ ಕೊಟ್ಟು ನೋಡಿದಾಗ ಸುಳ್ಳು ಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಆಹಾರತಜ್ಞೆ_ವಿದ್ಯಾನಗರ

ದುರ್ಗದ ಸಾರ್ ಹೇಳಿದ್ದಕ್ಕೆ ಊಟದ ಕಡೆಯ ಪುರಾವೆ ಸೇರಿಸ್ತೀನಿ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿಯಲ್ಲಿ ಕರುಳಿನ ಕ್ಯಾನ್ಸರ್ ತಗ್ಗಿಸುವ ಸಾಧ್ಯತೆ ಬಲವಾಗಿದೆ ಎಂದು ಗುರುತಿಸಿದ್ದು ತೌಡು ಸಮೇತ ಧಾನ್ಯ, ನಾರು, ಹಾಲಿನ ಪದಾರ್ಥ. ದೈಹಿಕ ಚಟುವಟಿಕೆಗಂತೂ ಇನ್ನೂ ಗಟ್ಟಿ ಪುರಾವೆ. ಸೊಪ್ಪು-ತರಕಾರಿಗೆ ಸಿಕ್ಕ ದರ್ಜೆ "ಸೀಮಿತ, ಸೂಚನೆ ಇದೆ" ಎಂಬಷ್ಟೇ. ಅದೇ ವರದಿಯ ಪ್ರಕಾರ ದಿನಕ್ಕೆ 90 ಗ್ರಾಂ ಇಡೀ ಧಾನ್ಯ ತಿನ್ನುವವರಲ್ಲಿ ಅಪಾಯ ಶೇ. 17ರಷ್ಟು ಕಡಿಮೆ.

ಇನ್ನೊಂದು ದೊಡ್ಡ ಪ್ರಯೋಗ 2000ನೇ ಇಸವಿಯಲ್ಲಿ ಅಮೆರಿಕದಿಂದ ಬಂತು. ಪಾಲಿಪ್ ತೆಗೆಸಿಕೊಂಡ ಸುಮಾರು ಎರಡು ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ಕಡಿಮೆ, ನಾರು-ತರಕಾರಿ-ಹಣ್ಣು ಹೆಚ್ಚಿನ ಊಟ ಕಲಿಸಿ ನಾಲ್ಕು ವರ್ಷ ನೋಡಿದರು. ಪಾಲಿಪ್ ಮತ್ತೆ ಬರುವುದು ಕಡಿಮೆ ಆಗಲಿಲ್ಲ. ನಾಲ್ಕು ವರ್ಷ ಸಾಲದು ಎಂದು ವಾದಿಸಬಹುದು, ಯಾಕೆಂದರೆ ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ವರ್ಷದ ಮೇಲೆ ಹಿಡಿಯುತ್ತದೆ. ಆದರೂ ಆ ಪ್ರಯೋಗ ಮರೆತು ಮಾತಾಡೋದು ಸರಿಯಲ್ಲ.

ಹಾಗಾಗಿ ನಮ್ಮ ಸೀಮೆಯ ತಾಟಿನಲ್ಲಿ ನನ್ನ ಮೊದಲ ಮಣೆ ಮುದ್ದೆ, ರೊಟ್ಟಿಗೆ. ರಾಗಿಹಿಟ್ಟಿನಲ್ಲಿ 100 ಗ್ರಾಂಗೆ 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. 80 ಗ್ರಾಂ ಹಿಟ್ಟಿನ ಮುದ್ದೆಯಿಂದ 9 ಗ್ರಾಂ, 30 ಗ್ರಾಂ ಒಣ ಅಲಸಂದೆ ಕಾಳಿನಿಂದ 3 ಗ್ರಾಂ, 100 ಗ್ರಾಂ ಸೊಪ್ಪಿನಿಂದ 2ರಿಂದ 4 ಗ್ರಾಂ. ಒಂದೇ ಊಟಕ್ಕೆ 15 ಗ್ರಾಂ ಬಂತು. ದಿನಕ್ಕೆ ಬೇಕಾದ್ದು ಸುಮಾರು 30. ರಾಗಿಯ ಪಾಲಿಫಿನಾಲ್ ಬಹುತೇಕ ಸಿಪ್ಪೆಯಲ್ಲಿದೆ, ನಾರಿಗೆ ಬಿಗಿದುಕೊಂಡ ಫೆರುಲಿಕ್ ಆಮ್ಲವನ್ನು ಬಿಡಿಸುವುದು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳೇ. ಮುದ್ದೆ ನುಣುಪಾಗಲಿ ಅಂತ ಹಿಟ್ಟನ್ನು ವಸ್ತ್ರಗಾಳಿಸಿದರೆ ಎರಡೂ ಹೋಯಿತು.

ಹೊಸದುರ್ಗ_ಓದುಗಿ

ಅಕ್ಕಾ, ಸೊಪ್ಪು ಬೇಯಿಸೋ ವಿಷಯ ಬರೀರಿ. ಬಸಿದ ನೀರಲ್ಲಿ ಸತ್ವ ಹೋಗುತ್ತೆ ಅಂತ ಕೆಲವರು, ಬಸಿದೇ ತಿನ್ನಬೇಕು ಅಂತ ಕೆಲವರು.

ಆಹಾರತಜ್ಞೆ_ವಿದ್ಯಾನಗರ

ಇಬ್ಬರೂ ಹೇಳೋದು ನಿಜಾನೇ, ಸೊಪ್ಪು ಯಾವುದು ಅನ್ನೋದರ ಮೇಲೆ ಹೋಗುತ್ತೆ.

ಸೊಪ್ಪಿನ ಫ್ಲೇವೊನಾಯ್ಡ್‌ಗಳು ಸಕ್ಕರೆ ಅಂಟಿದ ರೂಪದಲ್ಲಿರುವುದರಿಂದ ನೀರಿಗೆ ಇಳಿಯುತ್ತವೆ. ಕ್ವೆರ್ಸೆಟಿನ್ ಹತ್ತು ನಿಮಿಷದ ಕುದಿಗೆ ಅಷ್ಟಾಗಿ ಕೆಡುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಬಸ್ಸಾರು ಮಾಡುವವರು ಬಸಿದ ನೀರನ್ನೇ ಸಾರಿಗೆ ಬಳಸುವುದರಿಂದ ಬಹುಪಾಲು ತಟ್ಟೆಗೇ ಬರುತ್ತದೆ. ನಾಲ್ಕು ಜನಕ್ಕೆ ಬಿಡಿಸಿದ ಸೊಪ್ಪು 400 ಗ್ರಾಂ, ಕಾಳು 120 ಗ್ರಾಂ. ಕಾಳನ್ನು ಮುಕ್ಕಾಲು ಭಾಗ ಬೇಯಿಸಿಕೊಂಡು, ನೀರು ಕುದಿಯುವಾಗ ಸೊಪ್ಪು ಹಾಕಿ. ಮೆಂತ್ಯ, ಸಬ್ಬಸಿಗೆ, ಹರಿವೆಗೆ 5 ನಿಮಿಷ, ನುಗ್ಗೆಗೆ 8ರಿಂದ 10. ಬಸಿಯಿರಿ. ಆ ಕಟ್ಟಿಗೆ ಹುರಿದು ರುಬ್ಬಿದ ಖಾರ, ಹುಣಸೆರಸ ಹಾಕಿ ಒಂದು ಕುದಿ. ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ.

ಕೆಡುವುದು ಎಲ್ಲಿ ಅಂದರೆ, ಮೊದಲನೆಯದು ಹೆಚ್ಚಿ ಆಮೇಲೆ ತೊಳೆಯುವುದು. ಹೆಚ್ಚಿದ ಅಂಚಿನಿಂದ ನೀರಿನಲ್ಲಿ ಹೋಗುವುದು ಒಂದು ನಷ್ಟ. ಹೆಚ್ಚಿ ಬಿಟ್ಟ ಸೊಪ್ಪಿನಲ್ಲಿ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿ ಸೇರಿಸಿ ಅಂಚು ಕಂದು ಮಾಡುತ್ತಲ್ಲ, ಅದು ಇನ್ನೊಂದು. ಇಡೀ ಎಲೆ ತೊಳೆದು, ಒಲೆ ಮೇಲೆ ನೀರು ಕುದಿಯುವಾಗ ಹೆಚ್ಚಿ ನೇರ ಹಾಕಿದರೆ ಬಿಸಿಗೆ ಆ ಕಿಣ್ವ ಸಾಯುತ್ತದೆ. ಎರಡನೆಯದು ಹಸಿರು ಉಳಿಯಲಿ ಅಂತ ಅಡುಗೆ ಸೋಡಾ ಹಾಕುವುದು. ಬಣ್ಣ ನಿಲ್ಲುತ್ತದೆ, ಕೆಫೀಕ್, ಕ್ಲೋರೊಜೆನಿಕ್ ಆಮ್ಲಗಳು ಕ್ಷಾರದಲ್ಲಿ ಬೇಗ ಆಕ್ಸಿಡೀಕರಣಗೊಂಡು ನಾಶವಾಗುತ್ತವೆ, ಜೊತೆಗೆ ವಿಟಮಿನ್ ಸಿ ಮತ್ತು ಥಯಾಮಿನ್ ಕೂಡ. ನಮ್ಮ ಕಡೆ ಬಹಳ ಜನ ಗಮನಿಸದ ಸಂಗತಿ ಬೋರ್‌ವೆಲ್ ನೀರಿನದು. ಬೈಕಾರ್ಬನೇಟ್ ಹೆಚ್ಚಿರುವ ಗಡಸು ನೀರು ಕುದಿದಂತೆ ತಾನೇ ಕ್ಷಾರವಾಗುತ್ತದೆ. ಸೋಡಾ ಹಾಕದಿದ್ದರೂ ಕಟ್ಟು ಕಡು ಹಳದಿ, ಆಮೇಲೆ ಕಂದು ತಿರುಗಿದರೆ ಇದೇ ಕಾರಣ. ಅಂಥ ನೀರಾದರೆ ಸೊಪ್ಪು ಹಾಕುವ ಮುಂಚೆ ಎರಡು ಚಮಚ ಹುಣಸೆರಸ ಬಿಡಿ. ಹಸಿರು ಸ್ವಲ್ಪ ಮಂಕಾಗುತ್ತದೆ, ಪಾಲಿಫಿನಾಲ್ ನಿಲ್ಲುತ್ತದೆ. ಪುಂಡಿ ತಾನೇ ಹುಳಿ, ಅದಕ್ಕೆ ಈ ಉಪಾಯ ಬೇಡ.

ಇನ್ನು ಬಸಿದು ಚೆಲ್ಲಲೇಬೇಕಾದ ಸಂದರ್ಭ. ಪಾಲಕ್, ಹರಿವೆ, ದಂಟು, ಗೋಣಿಸೊಪ್ಪುಗಳಲ್ಲಿ ಆಕ್ಸಲೇಟ್ ಜಾಸ್ತಿ. ಪಾಲಕ್‌ನಲ್ಲಿ 100 ಗ್ರಾಂಗೆ 600 ಮಿ.ಗ್ರಾಂ ದಾಟುತ್ತದೆ. ಕಿಡ್ನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಬಂದವರು ಈ ಸೊಪ್ಪುಗಳನ್ನು ಧಾರಾಳ ನೀರಿನಲ್ಲಿ ಬೇಯಿಸಿ ಕಟ್ಟು ಚೆಲ್ಲಬೇಕು, ಪಾಲಿಫಿನಾಲ್ ಹೋದರೆ ಹೋಗಲಿ. ಇಲ್ಲವೇ ಆಕ್ಸಲೇಟ್ ಕಡಿಮೆ ಇರುವ ಮೆಂತ್ಯಕ್ಕೆ ಬದಲಾಯಿಸಿ. ಅದೇ ಊಟದಲ್ಲಿ ಮೊಸರು ಇರಲಿ, ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ.

ರಕ್ತಹೀನತೆ ಇರುವವರಿಗೆ ಒಂದು ಮಾತು: ಪಾಲಿಫಿನಾಲ್ ಸಸ್ಯಜನ್ಯ ಕಬ್ಬಿಣವನ್ನು ಹಿಡಿದುಕೊಂಡು ಹೀರಿಕೆ ತಗ್ಗಿಸುತ್ತದೆ. ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆರಸ ಹಿಂಡಿ. ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ಒಂದು ಗಂಟೆ ಮುಂದೂಡಿ.

ತೋಟ_ಹಿರಿಯೂರು

ಬೆಳೆಯೋ ಕಡೆಯಿಂದ ನೋಡಿದರೆ, ಎಲೆಗೆ ಪಾಲಿಫಿನಾಲ್ ಅನ್ನೋದು ಬಿಸಿಲು, ಹುಳದ ವಿರುದ್ಧದ ಕಾವಲು. ಬಯಲಿನಲ್ಲಿ ಬೆಳೆದದ್ದಕ್ಕೂ ದಟ್ಟ ನೆರಳು ಪರದೆ ಕೆಳಗೆ ಬೆಳೆದದ್ದಕ್ಕೂ ಫ್ಲೇವೊನಾಯ್ಡ್‌ನಲ್ಲಿ ವ್ಯತ್ಯಾಸ ಇದೆ. ಯೂರಿಯಾ ಜಾಸ್ತಿಯಾದರೆ ಎಲೆ ಅಗಲ, ಕಡು ಹಸಿರು, ನೋಡೋಕೆ ಚೆಂದ. ಒಳಗೆ ಫಿನಾಲಿಕ್ ಅಂಶ ಇಳಿದು ನೈಟ್ರೇಟ್ ಏರಿರುತ್ತೆ. ಮಣ್ಣು ಪರೀಕ್ಷೆ ಮಾಡಿಸಿಯೇ ಸಾರಜನಕ ಕೊಡ್ರಿ. ನಮ್ಮ ಜಿಲ್ಲೆಯವರಿಗೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ, ದಾವಣಗೆರೆಯವರಿಗೆ ತರಳಬಾಳು ಕೇಂದ್ರ. ಸಂಜೆ ಕೊಯ್ದ ಸೊಪ್ಪಿನಲ್ಲಿ ನೈಟ್ರೇಟ್ ಕಡಿಮೆ, ಹಗಲ ಬೆಳಕಲ್ಲಿ ಗಿಡ ಅದನ್ನು ಬಳಸಿಕೊಂಡಿರುತ್ತೆ. ಮಾರೋರಿಗೆ ಬೆಳಗಿನ ಜಾವದ ಕೊಯ್ಲೇ ಅನುಕೂಲ, ಬಾಡಲ್ಲ. ಮನೆ ಹಿತ್ತಲಿನದಾದರೆ ಸಂಜೆ ಕೊಯ್ದು ಆವತ್ತೇ ಮಾಡ್ರಿ.

ತಳಿ ಕೇಳಿದರೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹಸಿರು, ಅರ್ಕಾ ಅರುಣಿಮಾ ಕೆಂಪು, ಎರಡೂ ಹಲವು ಸಲ ಕೊಯ್ಯೋ ಹರಿವೆ. ನುಗ್ಗೆಯಲ್ಲಿ ಪಿಕೆಎಂ-1.

ಔಷಧಿ ಹೊಡೆದ ಮೇಲೆ ಡಬ್ಬಿ ಮೇಲಿರೋ ಕಾಯುವ ಅವಧಿ ಮುಗಿಯೋ ತನಕ ಕೊಯ್ಯಬಾರದು. ಸೊಪ್ಪು ಇಪ್ಪತ್ತು ಚಿಲ್ಲರೆ ದಿನದ ಬೆಳೆ, ಆ ಅವಧಿ ಹಿಡಿಸೋದೇ ಕಷ್ಟ. ಅದಕ್ಕೆ ಅಂತರ್ವ್ಯಾಪಿ ಕೀಟನಾಶಕ ಸೊಪ್ಪಿಗೆ ಬ್ಯಾಡವೇ ಬ್ಯಾಡ. ಎಲೆಯೊಳಗೆ ಸೇರಿದ್ದು ಎಷ್ಟು ತೊಳೆದರೂ ಬರಲ್ಲ. ಮೇಲೆ ಕೂತದ್ದಕ್ಕೆ ಲೀಟರಿಗೆ 20 ಗ್ರಾಂ ಉಪ್ಪು ಹಾಕಿದ ನೀರಲ್ಲಿ ಹತ್ತು ನಿಮಿಷ ಇಟ್ಟು, ಹರಿಯೋ ನೀರಲ್ಲಿ ಎರಡು ಸಲ ತೊಳೀರಿ. ಊರಿನ ಚರಂಡಿ ನೀರಲ್ಲಿ ಬೆಳೆದದ್ದನ್ನ ಮಾತ್ರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬ್ಯಾಡ್ರಿ. ಸೀಸ, ಕ್ಯಾಡ್ಮಿಯಂ ಎಲೆಯಲ್ಲೇ ಕೂಡುತ್ತವೆ.

ಹೊಂಡದ_ಸರ್ಕಲ್

ಪುಡಿ ವಿಷಯ ಉಳೀತು.

ತೋಟ_ಹಿರಿಯೂರು

ಹಸಿ ನುಗ್ಗೆಸೊಪ್ಪಲ್ಲಿ ಮುಕ್ಕಾಲು ಭಾಗದ ಮೇಲೆ ನೀರೇ. ಒಂದು ಕೆ.ಜಿ. ಬಿಡಿಸಿದ ಎಲೆಗೆ 200ರಿಂದ 250 ಗ್ರಾಂ ಪುಡಿ ಬರುತ್ತೆ. ಅಂದರೆ 3 ಗ್ರಾಂನ ಒಂದು ಚಮಚ ಪುಡಿ 12-15 ಗ್ರಾಂ ಹಸಿ ಸೊಪ್ಪಿಗೆ ಸಮ. ಒಂದು ಹಿಡಿ ಕೂಡ ಆಗಲ್ಲ. ಮನೇಲಿ ಮಾಡೋದಾದರೆ ತೊಳೆದು ನೀರು ಪೂರಾ ಸೋರಿಸಿ, ನೆರಳಲ್ಲಿ ಬಿಳಿ ಬಟ್ಟೆ ಮೇಲೆ ಒಂದೇ ಪದರ ಹರವಿ, ಗಾಳಿ ಆಡಲಿ. ದಪ್ಪ ಹರವಿದರೆ ನಡುವೆ ಬಿಸಿ ಹಿಡಿದು ಎಲೆ ಕಪ್ಪಾಗುತ್ತೆ, ಮಳೆಗಾಲದಲ್ಲಿ ಬೂಸ್ಟು ಬರುತ್ತೆ. ಬಿಸಿಲಿಗಿಟ್ಟರೆ ಕ್ಯಾರೊಟಿನ್ ಹೋಗಿ ಪುಡಿ ಹಳದಿ-ಕಂದಾಗುತ್ತೆ. ಡ್ರೈಯರ್ ಇದ್ದರೆ 50 ಡಿಗ್ರಿ ದಾಟಿಸಬ್ಯಾಡ್ರಿ. ಕೈಯಲ್ಲಿ ಹಿಚುಕಿದರೆ ಗರಗರ ಅಂತ ಪುಡಿಯಾಗಬೇಕು, ಬಾಗಿದರೆ ಇನ್ನೂ ತೇವ ಇದೆ. ಗಾಳಿಯಾಡದ, ಬೆಳಕು ಬೀಳದ ಡಬ್ಬಿಯಲ್ಲಿಡ್ರಿ. ಸಾರಿಗೆ, ರೊಟ್ಟಿ ಹಿಟ್ಟಿಗೆ ಹಾಕ್ಕೊಳ್ಳೋಕೆ ಒಳ್ಳೇದು. ಔಷಧಿ ಅಂತ ಮಾರೋದಕ್ಕೆ ನನ್ನ ವಿರೋಧ ಇದೆ.

ಜೀವರಸಾಯನ_ದುರ್ಗ

ಪುಡಿಗಿಂತ ಸಾರ ತೆಗೆದ ಮಾತ್ರೆಯ ಬಗ್ಗೆ ನನಗೆ ಹೆಚ್ಚು ಭಯ. ಒಳ್ಳೆಯ ಪದಾರ್ಥವನ್ನು ಬೇರ್ಪಡಿಸಿ ಪ್ರಮಾಣ ಹೆಚ್ಚಿಸಿದಾಗ ಏನಾಗುತ್ತದೆ ಎಂದು ಎರಡು ಸಲ ಜಗತ್ತು ನೋಡಿದೆ. ಫಿನ್‌ಲೆಂಡಿನ 1994ರ ಮತ್ತು ಅಮೆರಿಕದ 1996ರ ಬೀಟಾ ಕ್ಯಾರೊಟಿನ್ ಪ್ರಯೋಗಗಳಲ್ಲಿ ಸಿಗರೇಟ್ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹಸಿರು ಚಹಾದ ಸಾರದಲ್ಲಿರುವ ಇಜಿಸಿಜಿ ದಿನಕ್ಕೆ 800 ಮಿ.ಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಇಜಿಸಿಜಿ ಕೂಡ ಪಾಲಿಫಿನಾಲ್ಲೇ.

ಹಸಿ ಸೊಪ್ಪಿನ ಜ್ಯೂಸ್ ಕುಡಿಯುವವರಿಗೂ ಹೇಳಬೇಕು. ಹಿತ್ತಲಲ್ಲಿ ಬೆಳೆಯುವ ಚಕ್ರಮುನಿ ಸೊಪ್ಪಿನ ಹಸಿ ರಸವನ್ನು ತೂಕ ಇಳಿಸಲು ವಾರಗಟ್ಟಲೆ ಕುಡಿದು, 1990ರ ದಶಕದ ನಡುವೆ ತೈವಾನಿನಲ್ಲಿ ಬಹಳ ಜನರ ಶ್ವಾಸನಾಳಗಳು ಶಾಶ್ವತವಾಗಿ ಕಟ್ಟಿಕೊಂಡವು. ಅದನ್ನು ಬೇಯಿಸಿ, ಅಪರೂಪಕ್ಕೆ, ಸ್ವಲ್ಪ ತಿನ್ನಿ. ಪಾಲಕ್‌ನ ಹಸಿ ಜ್ಯೂಸ್ ದಿನಾ ಕುಡಿದರೆ ಆಕ್ಸಲೇಟ್ ಕಿಡ್ನಿಗೇ ಪೆಟ್ಟು ಕೊಡಬಲ್ಲದು.

ಜಗಳೂರು_ರೋಡ್

ಮಾಂಸ ತಿನ್ನೋರು ಜೊತೆಗೆ ಸೊಪ್ಪು ತಿಂದರೆ ಲಾಭ ಇದೆಯಾ?

ಆಹಾರತಜ್ಞೆ_ವಿದ್ಯಾನಗರ

ಕೆಂಪು ಮಾಂಸದ ಹೀಮ್ (ಕಬ್ಬಿಣ ಇರುವ ಕೆಂಪು ಅಂಶ) ಕರುಳಿನ ಒಳಪದರ ಕೆರಳಿಸುತ್ತದೆ. ಇಲಿಗಳಿಗೆ ಹೀಮ್ ಜೊತೆ ಪಾಲಕ್ ಕೊಟ್ಟಾಗ ಆ ಕೆರಳಿಕೆ ತಗ್ಗಿತು, ಕೆಲಸ ಮಾಡಿದ್ದು ಹಸಿರು ಬಣ್ಣದ ಕ್ಲೋರೊಫಿಲ್, ಪಾಲಿಫಿನಾಲ್ ಅಲ್ಲ. ಮನುಷ್ಯರಿಗೆ ಅಷ್ಟೇ ಖಚಿತವಾಗಿ ಹೇಳೋಕಾಗಲ್ಲ, ಆದರೂ ಮಟನ್ ಸಾರಿನ ಜೊತೆ ಮೆಂತ್ಯ, ಸಬ್ಬಸಿಗೆ ಪಲ್ಯ ಇಟ್ಟುಕೊಳ್ಳೋದಕ್ಕೆ ನನ್ನ ಒಪ್ಪಿಗೆ ಇದೆ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಶೇ. 18 ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿತು. ಮದ್ಯ, ತಂಬಾಕು, ಹೊಟ್ಟೆಯ ಬೊಜ್ಜು ಈ ಮೂರರ ಮುಂದೆ ಸೊಪ್ಪಿನ ಬಲ ಸಣ್ಣದು.

ಕರುಳುವೈದ್ಯ_ದಾವಣಗೆರೆ

ಇಲ್ಲಿವರೆಗಿನ ಚರ್ಚೆ ಚೆನ್ನಾಗಿದೆ, ಚಿಕಿತ್ಸೆಯ ಕಡೆಯದನ್ನು ನಾನು ಸೇರಿಸುತ್ತೇನೆ.

5-ಎಫ್‌ಯು ಅಥವಾ ಕೆಪೆಸಿಟಬೀನ್ ಕಿಮೋ ನಡೆಯುತ್ತಿರುವವರು ಫೋಲಿಕ್ ಆಮ್ಲದ ಮಾತ್ರೆ, ಸೊಪ್ಪಿನ ಸಾರದ ಕ್ಯಾಪ್ಸೂಲನ್ನು ಕೇಳದೆ ತೆಗೆದುಕೊಳ್ಳಬಾರದು. ಫೋಲೇಟ್ (ಫೋಲಿಕ್ ಆಮ್ಲದ ಜಾತಿಯ ಬಿ ವಿಟಮಿನ್) ಈ ಔಷಧಿಗಳ ಪರಿಣಾಮವನ್ನು ಹೆಚ್ಚಿಸುತ್ತದೆ, ಭೇದಿ, ಬಾಯಿಹುಣ್ಣು, ಅಂಗೈ-ಅಂಗಾಲು ಕೆಂಪಾಗಿ ಸುಲಿಯುವುದು ಜಾಸ್ತಿಯಾಗುತ್ತದೆ. ಊಟದ ಸೊಪ್ಪಿಗೆ ಅಡ್ಡಿಯಿಲ್ಲ, ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಹಸಿಯಾಗಿ ಬೇಡ, ಬೇಯಿಸಿಯೇ ಇರಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಇರಬೇಕು. ಇಲ್ಲದಿದ್ದರೆ ವಿಟಮಿನ್ ಕೆ ಏರಿಳಿದು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಅಳತೆ) ತಾಳ ತಪ್ಪುತ್ತದೆ. ಕರುಳಿನ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ, ಅಥವಾ ಕರುಳು ಕಿರಿದಾಗಿರುವವರಲ್ಲಿ, ನಾರಿನ ಸೊಪ್ಪು ಸಿಕ್ಕಿಕೊಂಡು ಹೊಟ್ಟೆ ಕಟ್ಟಬಹುದು; ಯಾವಾಗ ಶುರು ಮಾಡಬೇಕೆಂದು ಆಪರೇಷನ್ ಮಾಡಿದವರನ್ನೇ ಕೇಳಿ. ದೂರ್ಬೀನಿನಿಂದ ದೊಡ್ಡಕರುಳು ನೋಡುವ ಕೊಲೊನೋಸ್ಕೋಪಿಗೆ ಎರಡು-ಮೂರು ದಿನ ಮುಂಚಿನಿಂದ ಸೊಪ್ಪು, ಕಾಳು, ಬೀಜದ ಹಣ್ಣು ನಿಲ್ಲಿಸಿ. ಎಲೆಯ ಚೂರು ಗೋಡೆಗಂಟಿ ಸಣ್ಣ ಪಾಲಿಪ್ ಮುಚ್ಚಿಬಿಡುತ್ತದೆ, ದೂರ್ಬೀನಿನ ಹೀರು ನಳಿಕೆಯೂ ಕಟ್ಟುತ್ತದೆ.

ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ ಎಂದುಕೊಂಡು ಸೊಪ್ಪಿನ ಔಷಧಿ ಮಾಡುತ್ತಾ ಕೂರುವುದು ನಮ್ಮ ಭಾಗದಲ್ಲಿ ಹೆಚ್ಚು. ಮೂರು ವಾರಕ್ಕೂ ಹೆಚ್ಚು ಮಲದ ರೂಢಿ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಕರುಳು ನೋಡಿಸಲೇಬೇಕು. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಿ. ನಮ್ಮ ಸರ್ಕಾರಿ ತಪಾಸಣೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗೆ ಇದೆ, ದೊಡ್ಡಕರುಳು ಅದರಲ್ಲಿಲ್ಲ. ಹಾಗಾಗಿ ಕೇಳಿ ಮಾಡಿಸಿಕೊಳ್ಳಬೇಕು.

ಹೊಸದುರ್ಗ_ಓದುಗಿ

ಡಾಕ್ಟ್ರೇ, ಕೆಂಪು ಹರಿವೆ ತಿಂದ ಮಾರನೇ ದಿನ ಮಲ ಕೆಂಪಗಾಗುತ್ತಲ್ಲ, ರಕ್ತ ಅಂತ ಗೊತ್ತಾಗೋದು ಹೇಗೆ? ಸೊಪ್ಪು ತಿಂದಿದ್ದರೆ ಮಲ ಪರೀಕ್ಷೆ ತಪ್ಪು ಬರುತ್ತಾ?

ಕರುಳುವೈದ್ಯ_ದಾವಣಗೆರೆ

ಹರಿವೆ, ಬೀಟ್‌ರೂಟಿನ ಕೆಂಪು ಅವನ್ನು ನಿಲ್ಲಿಸಿದ ಒಂದೆರಡು ದಿನದಲ್ಲಿ ಹೋಗುತ್ತದೆ. ಆಮೇಲೂ ಕಂಡರೆ, ಅಥವಾ ಕಪ್ಪಗೆ ಡಾಂಬರಿನಂತೆ ಅಂಟಂಟಾಗಿದ್ದರೆ ತಡಮಾಡಬೇಡಿ.

ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆಯಲ್ಲಿ ಎರಡು ಬಗೆ. ಹಳೆಯ ಗ್ವಾಯಾಕ್ ಪರೀಕ್ಷೆಗೆ ಮೂಲಂಗಿ, ಹೂಕೋಸಿನಂಥವುಗಳ ಪೆರಾಕ್ಸಿಡೇಸ್ ಎಂಬ ಕಿಣ್ವ ಸುಳ್ಳು ರಕ್ತ ತೋರಿಸುತ್ತದೆ, ವಿಟಮಿನ್ ಸಿ ಮಾತ್ರೆ ಇದ್ದ ರಕ್ತವನ್ನೂ ಮರೆಮಾಡುತ್ತದೆ. ಮೂರು ದಿನ ಪಥ್ಯ ಬೇಕು. ಫಿಟ್ ಎಂಬ ಹೊಸ ಪರೀಕ್ಷೆ ಮನುಷ್ಯರ ಹಿಮೋಗ್ಲೋಬಿನ್ ಒಂದನ್ನೇ ಹಿಡಿಯುತ್ತದೆ, ಸೊಪ್ಪು, ಮಾಂಸ ಯಾವುದಕ್ಕೂ ಪಥ್ಯವಿಲ್ಲ. ಲ್ಯಾಬಿನಲ್ಲಿ ಯಾವುದು ಮಾಡುತ್ತಾರೆ ಎಂದು ಮೊದಲೇ ಕೇಳಿ, ಫಿಟ್ ಇದ್ದರೆ ಅದನ್ನೇ ಮಾಡಿಸಿ, ವರ್ಷಕ್ಕೊಮ್ಮೆ. ಮಲ ಕಮೋಡಿನ ನೀರಿಗೆ ಬೀಳದಂತೆ ಕಾಗದದ ಮೇಲೆ ಹಿಡಿದು, ಸೀಸೆಯ ಜೊತೆ ಕೊಟ್ಟ ಕಡ್ಡಿಯನ್ನು ನಾಲ್ಕಾರು ಕಡೆ ಗೀರಿ, ಕಡ್ಡಿಯ ತುದಿಯ ತಗ್ಗುಗಳಲ್ಲಿ ತುಂಬುವಷ್ಟು ಮಾತ್ರ ತೆಗೆದು ಸೀಸೆಗೆ ಹಾಕಿ ಮುಚ್ಚಿ. ಹೆಚ್ಚು ತುಂಬಿದರೂ ಅಳತೆ ಕೆಡುತ್ತದೆ. ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯ ರಕ್ತ ಸುರಿಯುತ್ತಿರುವಾಗ ತೆಗೆಯಬೇಡಿ. ಚೈತ್ರ-ವೈಶಾಖದ ನಮ್ಮ ಬಿಸಿಲಲ್ಲಿ ಸೀಸೆಯನ್ನು ಗಾಡಿಯಲ್ಲಿಟ್ಟು ಸುತ್ತಿದರೆ ಹಿಮೋಗ್ಲೋಬಿನ್ ಒಡೆದು ಸುಳ್ಳು ನೆಗೆಟಿವ್ ಬರುತ್ತದೆ. ತೆಗೆದ ದಿನವೇ ಲ್ಯಾಬಿಗೆ ಕೊಡಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಪಾಸಿಟಿವ್ ಬಂದರೆ ಇನ್ನೊಂದು ಫಿಟ್ ಮಾಡಿ ನೋಡೋಣ ಎನ್ನುವುದು ಬೇಡ, ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ.